ಎದೆಯ ಆಪರೇಷನ್, ತೊಡೆಯ ಗಾಯ

ತೊಡೆಸಂದಿಯಲ್ಲಿ ಎದ್ದ ಗಂಟನ್ನು ಯಾರಿಗೂ, ಹೆಂಡತಿಗೂ, ತೋರಿಸಬಾರದೆಂದು ಶರಫುದ್ದೀನ ದರ್ಜಿ ನಿಶ್ಚಯಿಸಿದ್ದೇ ಅವತ್ತಿನ ಫಜೀತಿಗೆಲ್ಲ ಮೂಲ.

ಮೂರು ದಿನದ ಹಿಂದೆ ಕಲಬುರಗಿಯ ಒಂದು ದವಾಖಾನೆಯಲ್ಲಿ, ತೊಡೆಯ ರಕ್ತನಾಳದೊಳಗಿಂದ ನಳಿಗೆ ತೂರಿಸಿ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. "ಶಾವಿಗಿ ಎಳಿಯಂಗ ಮೆತ್ತಗದ ಚಾಚಾ, ಗೊತ್ತೇ ಆಗಂಗಿಲ್ಲ" ಎಂದಿದ್ದರು ಡಾಕ್ಟರ್ ನಿಶಾತ. ಆಗ ಗೊತ್ತಾಗಿರಲಿಲ್ಲ, ನಿಜ. ಅಫಜಲಪುರಕ್ಕೆ ಮರಳಿದ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟೆದ್ದು, ಮೆರವಣಿಗೆಯ ಹಲಗೆಯಂತೆ ಬಡಿದುಕೊಳ್ಳತೊಡಗಿತ್ತು. ಊರಿನವರ ಅಳತೆಯನ್ನೆಲ್ಲ ತೆಗೆದವನಿಗೆ ತನ್ನ ತೊಡೆ ತೋರಿಸಲು ನಾಚಿಕೆ.

ಬೆಳಿಗ್ಗೆ ಪಕ್ಕದ ಮನೆಯ ಹೀರಾಬಾಯಿ ಮಾತಾಡಿಸಲು ಬಂದಳು. ಬೆನ್ನಿಗೇ ಎದುರಿನ ಕಿರಾಣಿ ಅಂಗಡಿಯ ಶಾಂತಕುಮಾರನೂ ಬಂದ.

"ಎಲ್ಲಿ ಕೊಯ್ದಾರ ತೋರಿಸ್ರಿ ಭಾಯಿ," ಎಂದಳು ಹೀರಾಬಾಯಿ.

ಶರಫುದ್ದೀನ ಗಾಬರಿಯಿಂದ ಎದೆಯ ಮೇಲೆ ಕೈಯಿಟ್ಟ. ಶಾಂತಕುಮಾರ ತಾನೇ ಅಂಗಿಯ ಗುಂಡಿ ಬಿಚ್ಚಿ ನೋಡಿದ.

"ಒಂದು ಗೀರೂ ಇಲ್ಲ. ನಿಮಗ ಮೋಸ ಮಾಡ್ಯಾರ್ರಿ."

"ಇಲ್ಲಪ್ಪ, ಆಪರೇಷನ್ ಮಾಡ್ಯಾರ."

"ಮತ್ತ ಗಾಯ ಎಲ್ಲದ?"

ಶರಫುದ್ದೀನ ಸೂರು ನೋಡಿದ. ನೋಡಿದಷ್ಟೂ ಶಾಂತಕುಮಾರನ ಸಂಶಯ ಗಟ್ಟಿಯಾಯಿತು. ದವಾಖಾನೆಯವರನ್ನು ಕೇಳಿಯೇ ಬಿಡಬೇಕೆಂದು ಅವನು ಅರ್ಧ ಗಂಟೆಯಲ್ಲಿ ಬಾಗಿಲಿಗೆ ಜೀಪು ತರಿಸಿದ. "ನಡೀರಿ, ನನಗೂ ಸಮಾಧಾನ ಇಲ್ಲ," ಎಂದು ಹೆಂಡತಿ ಅಮೀರುನ್ನಿಸಾ ಎಲ್ಲರಿಗಿಂತ ಮೊದಲು ಹತ್ತಿ ಕೂತಳು. ದಾರಿಯಲ್ಲಿ ಪ್ರತಿ ತಗ್ಗಿಗೂ ಶರಫುದ್ದೀನ ನರಳಿದ. ಮೋಸ ಹೋದ ದುಃಖವೆಂದು ತಿಳಿದು ಹೀರಾಬಾಯಿ ಸಮಾಧಾನ ಹೇಳಿದಳು.

ದವಾಖಾನೆಯಲ್ಲಿ ಶಾಂತಕುಮಾರ ಮೇಜು ಗುದ್ದಿದ. "ಆಪರೇಷನ್ ಮಾಡಿದ್ರ ಗಾಯ ತೋರಿಸ್ರಿ."

"ಗಾಯ ತೊಡಿಯಾಗದ," ಎಂದರು ಡಾಕ್ಟರ್ ನಿಶಾತ. "ಚಾಚಾ, ನೀವು ಇವರಿಗೆ ಹೇಳಿಲ್ಲೇನ್ರಿ?"

ಎಲ್ಲರ ಕಣ್ಣೂ ಶರಫುದ್ದೀನನ ಪೈಜಾಮದ ಮೇಲೆ ಬಿದ್ದವು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಅಲ್ಲೊಂದು ಗಂಟು ಎದ್ದದ್ರಿ," ಎಂದ ಸಣ್ಣ ದನಿಯಲ್ಲಿ. "ಬಡ್ಕೊಳ್ಳಾಕತ್ತದ."

ಡಾಕ್ಟರ ಮುಖ ಬದಲಾಯಿತು. ಕೂಡಲೇ ಒಳಗೊಯ್ದು ಸ್ಕ್ಯಾನ್ ಮಾಡಿದರು. "ನಳಿಗಿ ಮೆತ್ತಗೇ ಇತ್ತು, ಆದ್ರೂ ನಾಳಕ್ಕ ಪೆಟ್ಟಾಗಿ ರಕ್ತ ಸೋರಾಕತ್ತದ. ಹಿಂಗೂ ಆಗಬಹುದು ಅಂತ ನಾನು ಬಿಡಿಸಿ ಹೇಳಬೇಕಿತ್ತು, ತಪ್ಪು ನಂದೇ. ಛಲೋ ಆತು, ಇವತ್ತೇ ಬಂದ್ರಿ. ಒಡೆದಿದ್ರ ಜೀವಕ್ಕ ಕುತ್ತು ಬರ್ತಿತ್ತು."

ಸೋರುವ ಜಾಗ ಮುಚ್ಚಿಕೊಳ್ಳಲೆಂದು ಸ್ಕ್ಯಾನಿನ ಹಿಡಿಕೆಯಿಂದಲೇ ಅರ್ಧ ಗಂಟೆ ಗಂಟನ್ನು ಒತ್ತಿ ಹಿಡಿದರು. ಬಡಿತ ನಿಂತಿತು. ಅಮೀರುನ್ನಿಸಾ ಕಣ್ಣೊರೆಸಿಕೊಂಡಳು.

"ನನಗ ಹೇಳಾಕ ಏನಾಗಿತ್ರಿ?"

"ನಾಚಿಕಿ ಬಂತು."

"ಲಗ್ನಾಗಿ ಮೂವತ್ತು ವರ್ಷ ಆತು," ಎಂದಳು ಅವಳು, ನಗು ತಡೆಯಲಾಗದೆ.

"ಇನ್ನು ಸಂಜೀತನ ಕಾಲು ಅಳ್ಳಾಡಿಸಬ್ಯಾಡ್ರಿ, ಎರಡು ದಿನ ಇಲ್ಲೇ ಇರ್ರಿ," ಎಂದು ಡಾಕ್ಟರು ಹೋದರು. ಜೀವ ಉಳಿಯಿತು, ಓಣಿಯವರ ಕಾಟವೂ ಎರಡು ದಿನದ ಮಟ್ಟಿಗೆ ತಪ್ಪಿತು ಎಂದು ಶರಫುದ್ದೀನ ನೆಮ್ಮದಿಯಿಂದ ಕಣ್ಣು ಮುಚ್ಚಿದ.

ಪಕ್ಕದ ಮಂಚಕ್ಕೆ ಯಾರನ್ನೋ ತಂದು ಮಲಗಿಸಿದ ಸದ್ದಾಯಿತು. ಕಣ್ಣು ಬಿಟ್ಟರೆ ಶಾಂತಕುಮಾರ, ಎದೆಯ ತುಂಬ ಇಸಿಜಿಯ ತಂತಿ. ಮೇಜು ಗುದ್ದುತ್ತಿದ್ದಾಗಲೇ ಅವನಿಗೂ ಎದೆನೋವು ಬಂದಿತ್ತಂತೆ.

"ಟೈಮಿಗೆ ಗೊತ್ತಾತು, ಹೆದರೂದು ಬ್ಯಾಡ ಅಂದಾರ್ರಿ," ಎಂದು ಅವನು ಖುಷಿಯಿಂದ ಇತ್ತ ಹೊರಳಿದ. "ಎರಡು ದಿನ ನಾನೂ ಇಲ್ಲೇ ಇರ್ತೇನಿ. ನಮ್ಮ ಅಣ್ಣತಮ್ಮರ ಹೊಲದ ಜಗಳ ನಿಮಗ ಮೊದಲಿಂದ ಹೇಳೇ ಇಲ್ಲ ನೋಡ್ರಿ, ಭಾಯಿ."