ದಾಸ್ತಾನು ಕ್ರಮಾಂಕ ಇನ್ನೂರ ಹನ್ನೆರಡು

ನಮ್ಮ ಬೆಂಚು ಇಲಾಖೆಯ ಸಮಸ್ತ ಮಾಹಿತಿಯು ಕಳೆದ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾಲ್ವರ ಸಹಿ ಮತ್ತು ಮೊಹರಿನೊಂದಿಗೆ ಕ್ರಮಬದ್ಧವಾಗಿ ಅಳಿಸಿಹೋಯಿತು. ಇದನ್ನು ನಷ್ಟವೆಂದು ಕರೆಯಬಾರದೆಂದು ಆಮೇಲೆ ಆದೇಶವಾಗಿರುವುದರಿಂದ ನಾನೂ ಹಾಗೆ ಕರೆಯುವುದಿಲ್ಲ.

ಬೆಂಚು ಇಲಾಖೆಯೆಂದರೆ ಉದ್ಯಾನಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಗಳ ಹೊರಗೆ ಜನರು ಕುಳಿತುಕೊಳ್ಳುವ ಬೆಂಚುಗಳನ್ನು ನೋಡಿಕೊಳ್ಳುವ ಕಚೇರಿ. ಬೆಂಚುಗಳು ನಾಲ್ಕು ಸಾವಿರದ ಮುನ್ನೂರ ಹನ್ನೆರಡು. ನೋಡಿಕೊಳ್ಳುವವರು ಇಪ್ಪತ್ತಾರು ಮಂದಿ. ಕಚೇರಿಯಲ್ಲಿ ಎಲ್ಲರಿಗೂ ಕುರ್ಚಿಗಳಿರುವುದರಿಂದ ಅವರಲ್ಲಿ ಯಾರೂ ಬೆಂಚಿನ ಮೇಲೆ ಕುಳಿತವರಲ್ಲ.

ನಾನು ಅಲ್ಲಿ ಕಸ ಗುಡಿಸುವವಳು. ಹತ್ತೊಂಬತ್ತು ವರ್ಷಗಳಿಂದ ತಾತ್ಕಾಲಿಕ. ಪ್ರತಿ ವರ್ಷದ ಕೊನೆಯ ದಿನ ನನ್ನನ್ನು ಕೆಲಸದಿಂದ ತೆಗೆದು, ಮರುದಿನ ಹೊಸಬಳೆಂದು ಸೇರಿಸಿಕೊಳ್ಳುತ್ತಾರೆ. ಹೊಸಬಳಾದ್ದರಿಂದ ಪೊರಕೆ ಎಲ್ಲಿದೆಯೆಂದು ಪ್ರತಿ ವರ್ಷವೂ ನನಗೆ ತೋರಿಸಲಾಗುತ್ತದೆ. ಈ ವರ್ಷ ಮಾತ್ರ ತಾತ್ಕಾಲಿಕದವರಲ್ಲಿ ಹನ್ನೊಂದು ಮಂದಿಯನ್ನು ಖಾಯಂ ಮಾಡಲು ಪಟ್ಟಿ ಸಿದ್ಧವಾಗಿತ್ತು. ಪಟ್ಟಿಯಲ್ಲಿಲ್ಲದವರನ್ನು ಇನ್ನು ಮುಂದೆ ಹೊಸಬರೆಂದೂ ಸೇರಿಸಿಕೊಳ್ಳಬಾರದೆಂದು ಆದೇಶವಿತ್ತು. ನನ್ನ ಹೆಸರು ಹನ್ನೊಂದನೆಯದು. ತಿಂಗಳ ಕೊನೆಯೊಳಗೆ ಪಟ್ಟಿಯು ಪ್ರಧಾನ ಕಚೇರಿಯನ್ನು ತಲುಪಬೇಕಿತ್ತು.

ಆ ಪಟ್ಟಿಯೂ ಎಲ್ಲ ಬೆಂಚುಗಳ ವಿವರವೂ ಒಂದೇ ಒಂದು ಕಪ್ಪು ಪೆನ್‌ಡ್ರೈವ್‌ನಲ್ಲಿದ್ದವು. ಕಂಪ್ಯೂಟರಿನ ಒಳಗಿನ ಜಾಗವೆಲ್ಲ ಸಾಹೇಬರ ಉದ್ಘಾಟನಾ ಭಾಷಣಗಳ ವಿಡಿಯೊಗಳಿಗೆ ಮೀಸಲಾಗಿತ್ತು.

ಹೀಗಿರುವಾಗ ಪ್ರಧಾನ ಕಚೇರಿಯಿಂದ ಸುತ್ತೋಲೆ ಬಂದಿತು. 'ಯಾವ ಕಾರಣಕ್ಕೂ ಮಾಹಿತಿಯು ಕಳೆದುಹೋಗಬಾರದು. ಆದಕಾರಣ ಪ್ರತಿಯೊಂದು ಕಚೇರಿಯೂ ಏಳು ದಿನಗಳೊಳಗೆ ಒಂದು ರಿಕವರಿ ಡ್ರೈವ್ ತಯಾರಿಸತಕ್ಕದ್ದು. ಕಂಪ್ಯೂಟರ್ ಕೆಟ್ಟು ನಿಂತಲ್ಲಿ ಅದನ್ನು ಮತ್ತೆ ಎಬ್ಬಿಸಲು ಇದು ಅಗತ್ಯ.' ಇದಕ್ಕೆ ಒಂದು ಖಾಲಿ ಪೆನ್‌ಡ್ರೈವ್ ಬೇಕು. ಹೊಸದನ್ನು ತರಿಸಲು ಮೂರು ತಿಂಗಳು ಬೇಕು. ಕಂಪ್ಯೂಟರ್ ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ, ಕಚೇರಿಯಲ್ಲಿದ್ದ ಕಪ್ಪು ಪೆನ್‌ಡ್ರೈವನ್ನೇ ಸಿಕ್ಕಿಸಿದರು.

ನಾನು ಆಗ ಅವರ ಮೇಜಿನ ಕೆಳಗೆ ಗುಡಿಸುತ್ತಿದ್ದೆ. ತಲೆಯೆತ್ತಿದಾಗ ಪರದೆಯ ಮೇಲೆ ಹೀಗೆ ಬರೆದಿತ್ತು: 'ಈ ಡ್ರೈವ್‌ನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ. ಮುಂದುವರಿಯಬೇಕೆ?' ಅದರ ಕೆಳಗೆ 'ಹೌದು', 'ಬೇಡ' ಎಂಬ ಎರಡು ಗುಂಡಿಗಳು.

"ಅಣ್ಣಾ, ಎಲ್ಲ ಅಳಿಸಿಹೋಗುತ್ತೆ ಅಂತಿದೆಯಲ್ಲ," ಎಂದೆ.

"ಅದು ಎಲ್ಲರಿಗೂ ಹಾಗೇ ಹೇಳುತ್ತೆ ಅಕ್ಕಾ," ಎಂದರು ಗುಮಾಸ್ತರು.

"ಹಾಗಾದ್ರೆ 'ಬೇಡ' ಅಂತ ಒತ್ತಿಬಿಡಿ."

"ಬೇಡ ಅನ್ನೋಕೆ ನನಗೆ ಅಧಿಕಾರ ಎಲ್ಲಿದೆ? ಹೌದು ಅನ್ನೋಕೂ ಇಲ್ಲ. ಫೈಲ್ ಹಾಕ್ತೀನಿ."

ಅವರು ಪರದೆಯಲ್ಲಿದ್ದ ಪ್ರಶ್ನೆಯನ್ನು ಒಂದಕ್ಷರವೂ ಬಿಡದೆ ಟಿಪ್ಪಣಿ ಹಾಳೆಗೆ ನಕಲು ಮಾಡಿ, 'ಆದೇಶಕ್ಕಾಗಿ' ಎಂದು ಬರೆದು ಸಹಿ ಹಾಕಿದರು. ಕಡತವು ಸೂಪರಿಂಟೆಂಡೆಂಟ್ ಮೇಡಂ ಅವರ ಮೇಜಿಗೆ ಹೋಯಿತು. ಅವರು ಮೇಲಿನದನ್ನು ಸಂಕ್ಷೇಪಿಸಿ, 'ಡ್ರೈವ್ ಸಂಬಂಧ ಮುಂದುವರಿಯಬೇಕೆ ಎಂದು ಕಂಪ್ಯೂಟರ್ ಕೇಳಿದೆ' ಎಂದು ಬರೆದರು. ಉಪ ಅಧಿಕಾರಿಗಳು ಅದನ್ನೂ ಸಂಕ್ಷೇಪಿಸಿ, 'ಕಂಪ್ಯೂಟರ್ ಕೆಲಸ ಬಾಕಿಯಿದೆ' ಎಂದರು. ಸಾಹೇಬರು ಹಸಿರು ಶಾಯಿಯಲ್ಲಿ, 'ಕೂಡಲೇ ಮುಂದುವರಿಸಿ. ವಿಳಂಬಕ್ಕೆ ಕಾರಣ ಕೇಳಿ' ಎಂದು ಆದೇಶಿಸಿದರು.

ಇಷ್ಟಾಗಲು ಆರು ದಿನ ಹಿಡಿಯಿತು. ಆರು ದಿನವೂ ಪರದೆಯ ಮೇಲೆ ಆ ಪ್ರಶ್ನೆ ಹಾಗೆಯೇ ನಿಂತಿತ್ತು. ಯಾರೂ ಮೌಸ್ ಮುಟ್ಟಬಾರದೆಂದು ಅದರ ಮೇಲೆ ಊಟದ ಡಬ್ಬಿಯೊಂದನ್ನು ಕವುಚಿದ್ದರು. ಏಳನೆಯ ದಿನ ಕಡತ ಹಿಂದಿರುಗಿತು. ಗುಮಾಸ್ತರು ಡಬ್ಬಿ ಎತ್ತಿ, ಆದೇಶ ಸಂಖ್ಯೆಯನ್ನು ಗಟ್ಟಿಯಾಗಿ ಓದಿ, 'ಹೌದು' ಒತ್ತಿದರು.

ರಿಕವರಿ ಡ್ರೈವ್ ಬಹಳ ಚೆನ್ನಾಗಿ ತಯಾರಾಯಿತು.

ಮಧ್ಯಾಹ್ನ ತುರ್ತು ಸಭೆ ನಡೆಯಿತು. ನಾನು ನೀರಿನ ಲೋಟಗಳನ್ನಿಡುತ್ತಿದ್ದೆ.

"ಈ ಡ್ರೈವ್‌ನಿಂದ ಬೆಂಚುಗಳು ವಾಪಸ್ ಬರುತ್ತವೆಯೋ?" ಎಂದು ಸಾಹೇಬರು ಕೇಳಿದರು.

"ಇಲ್ಲ ಸರ್. ಇದು ಕಂಪ್ಯೂಟರ್ ಕೆಟ್ಟರೆ ಮಾತ್ರ," ಎಂದರು ಗುಮಾಸ್ತರು.

"ಕಂಪ್ಯೂಟರ್ ಕೆಟ್ಟಿದೆಯೋ?"

"ಇಲ್ಲ ಸರ್, ಚೆನ್ನಾಗಿದೆ."

ಸಾಹೇಬರು ಕನ್ನಡಕ ಒರೆಸಿದರು. "ಕೆಡಿಸೋಕೆ ಅವಕಾಶ ಇದೆಯೋ?"

"ಪ್ರಸ್ತಾವನೆ ಮಂಡಿಸ್ತೀನಿ ಸರ್."

ಅನುಮತಿ ಪಡೆದು ಆದುದು ನಷ್ಟವಲ್ಲವೆಂದೂ, ಮಾಹಿತಿ ಇಲ್ಲದಿರುವುದರಿಂದ ಸದ್ಯಕ್ಕೆ ನಗರದಲ್ಲಿ ಬೆಂಚುಗಳೇ ಇಲ್ಲವೆಂದೂ ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ಮರುದಿನವೇ ಒಬ್ಬ ನಿವೃತ್ತ ಮೇಷ್ಟ್ರು ಮುರಿದ ಹಲಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ದೂರು ಕೊಡಲು ಬಂದರು.

"ಬಸ್ ನಿಲ್ದಾಣದ ಬೆಂಚು ಮುರಿದು ಬಿದ್ದೆ ಕಣಮ್ಮ. ಇಗೋ ಅದರ ಹಲಗೆ, ಇಗೋ ನನ್ನ ಮೊಣಕಾಲು."

ಸೂಪರಿಂಟೆಂಡೆಂಟ್ ಮೇಡಂ ಎರಡನ್ನೂ ಪರಿಶೀಲಿಸಿದರು. "ಅಲ್ಲಿ ಬೆಂಚೇ ಇಲ್ಲ ಸರ್. ಇಲ್ಲದ ಬೆಂಚಿನಿಂದ ಬೀಳೋಕೆ ಆಗೋದಿಲ್ಲ. ಆದ್ದರಿಂದ ನೀವು ಬಿದ್ದಿಲ್ಲ."

ಮೇಷ್ಟ್ರು ಮೊಣಕಾಲನ್ನು ಒಮ್ಮೆ ನೋಡಿಕೊಂಡರು. "ಹಾಗಾದರೆ ಒಳ್ಳೆಯದಾಯಿತು," ಎಂದು ಕುಂಟುತ್ತ ಹೊರಟರು. ಹಲಗೆಗೆ ಸ್ವೀಕೃತಿ ಚೀಟಿ ಕೊಡಲಾಯಿತು.

ಅವರು ಗೇಟು ದಾಟುವವರೆಗೂ ನಾನು ಪೊರಕೆ ಹಿಡಿದು ನೋಡುತ್ತಿದ್ದೆ. ಬೆಂಚುಗಳು ಪಟ್ಟಿಯಲ್ಲಿ ಇಲ್ಲದಿದ್ದರೂ ಬಿಸಿಲಿನಲ್ಲಿ ನಿಂತುಕೊಂಡಿರುತ್ತವೆ. ನಾನು ಪಟ್ಟಿಯಲ್ಲಿ ಇಲ್ಲದಿದ್ದರೆ ಗೇಟಿನಿಂದಾಚೆ ನಿಲ್ಲಬೇಕು. ನಮ್ಮ ಯಜಮಾನರು ಕೊಡೆ ರಿಪೇರಿ ಮಾಡುವವರು. ವರ್ಷದ ಎಂಟು ತಿಂಗಳು ಅವರಿಗೆ ಕೆಲಸವಿರುವುದಿಲ್ಲ. ದೊಡ್ಡವರ ಮುಂದೆ ಬಾಯಿ ತೆರೆಯುವ ಅಭ್ಯಾಸ ನನಗಿಲ್ಲ. ಆದರೂ ಮೂರು ದಿನ ಧೈರ್ಯ ಒಟ್ಟು ಮಾಡಿ, ನಾಲ್ಕನೆಯ ದಿನ ಮೇಡಂ ಅವರ ಮೇಜನ್ನು ಎರಡು ಸಲ ಒರೆಸಿ, ಮೂರನೆಯ ಸಲ ಒರೆಸುವಾಗ ಹೇಳಿದೆ.

"ಮೇಡಂ, ಬೆಂಚುಗಳು ನಮ್ಮ ಮನೆಯಲ್ಲಿವೆ."

"ಎಷ್ಟು ಕದ್ದೆ?" ಎಂದು ಮೇಡಂ ಪೆನ್ನು ತೆಗೆದರು.

ಕದ್ದದ್ದಲ್ಲವೆಂದು ವಿವರಿಸಿದೆ. ನಮ್ಮ ಕಚೇರಿಯ ಪ್ರಿಂಟರ್ ಯಾವ ಪಟ್ಟಿಯದ್ದಾದರೂ ಮೊದಲ ಎರಡು ಪ್ರತಿಗಳನ್ನು ಸೊಟ್ಟಗೆ ಮುದ್ರಿಸಿ, ಮೂರನೆಯದನ್ನು ನೆಟ್ಟಗೆ ಕೊಡುತ್ತದೆ. ನೆಟ್ಟಗಿನದು ಪ್ರಧಾನ ಕಚೇರಿಗೆ ಹೋಗಿ ಅಲ್ಲಿ ಕಾಣೆಯಾಗುತ್ತದೆ. ಸೊಟ್ಟಗಿನದು ನನ್ನ ಕಸದ ಬುಟ್ಟಿಗೆ ಬರುತ್ತದೆ. ಕಾಗದ ದಪ್ಪ, ಒಂದು ಬದಿ ಪೂರ್ತಿ ಖಾಲಿ. ಅದನ್ನು ಮನೆಗೆ ಒಯ್ದು ಅಡುಗೆಮನೆಯ ಗೂಡುಗಳಿಗೆ, ಟ್ರಂಕಿನ ತಳಕ್ಕೆ, ಅತ್ತೆಯ ಬೀರುವಿಗೆ ಹಾಸುತ್ತೇನೆ.

ಅದೇ ದಿನ ಮಧ್ಯಾಹ್ನ ಇಲಾಖೆಯ ಜೀಪು ನಮ್ಮ ಓಣಿಗೆ ಬಂದಿತು. ಸಾಹೇಬರು, ಮೇಡಂ ಮತ್ತು ಗುಮಾಸ್ತರು ಚಪ್ಪಲಿ ಬಿಟ್ಟು ಅಡುಗೆಮನೆಯೊಳಗೆ ಬಂದರು. ಅತ್ತೆ ಗೂಡಿಗೆ ಅಡ್ಡ ನಿಂತರು.

"ಉಪ್ಪಿನ ಡಬ್ಬ ಎತ್ತಬೇಡಿ. ಹೋದ ವಾರ ತಾನೇ ಜೋಡಿಸಿದ್ದೀನಿ."

"ಅದರ ಕೆಳಗೆ ಆಸ್ಪತ್ರೆಯ ಬೆಂಚುಗಳಿವೆ ಅಜ್ಜಿ," ಎಂದರು ಗುಮಾಸ್ತರು.

"ಇರಲಿ ಬಿಡಪ್ಪ. ಅವೇನು ಊಟ ಕೇಳ್ತಾವಾ?"

ಕೊನೆಗೆ, ಎತ್ತಿದ ಡಬ್ಬವನ್ನು ಎತ್ತಿದಲ್ಲೇ ಇಡುವುದಾಗಿ ಸಾಹೇಬರು ಬರೆದುಕೊಟ್ಟ ಮೇಲೆ ಅತ್ತೆ ಸರಿದರು. ಹಾಳೆಗಳು ಒಂದೊಂದಾಗಿ ಹೊರಬಂದವು. ಮೇಡಂ ಬರೆದುಕೊಂಡರು, ಸಾಹೇಬರು ಸಕ್ಕರೆ ಡಬ್ಬವನ್ನು ಎದೆಗವಚಿಕೊಂಡು ನಿಂತಿದ್ದರು. ಸಂಜೆಯ ಹೊತ್ತಿಗೆ ನಾಲ್ಕು ಸಾವಿರದ ಇನ್ನೂರ ನಲವತ್ತೊಂಬತ್ತು ಬೆಂಚುಗಳು ಸಿಕ್ಕಿದವು. ದೊಡ್ಡ ಉದ್ಯಾನದ ಅರವತ್ತಮೂರು ಮಾತ್ರ ಎಣ್ಣೆ ಡಬ್ಬದ ಅಡಿಯಲ್ಲಿದ್ದು ಕಲೆಯಾಗಿ ಓದಲು ಬಾರದಂತಾಗಿದ್ದವು. ಸಾಹೇಬರು ಅಲ್ಲಿಯೇ ನಿಯಮ ಮಾಡಿದರು: 'ಮರಳಿ ದೊರೆತಿರುವುದೇ ಮಾಹಿತಿ. ದೊರೆಯದಿರುವುದು ಎಂದೂ ಇರಲಿಲ್ಲ.' ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.

ಆಮೇಲೆ ಮೇಲಿನ ಗೂಡಿನಿಂದ ಖಾಯಂ ಪಟ್ಟಿಯ ಕರಡು ಪ್ರತಿ ಬಂದಿತು. ಮೇಡಂ ಓದಿದರು. ಒಂದು, ಎರಡು, ಮೂರು. ಹತ್ತರವರೆಗೆ ಓದಿ ನಿಲ್ಲಿಸಿದರು. ಹತ್ತರ ಕೆಳಗೆ ಕಾಗದವು ಗರಗಸದ ಹಲ್ಲಿನಂತೆ ಅಂದವಾಗಿ ಕತ್ತರಿಸಲ್ಪಟ್ಟಿತ್ತು.

"ಗೂಡಿನ ಅಂಚು ಬೋಳಾಗಿ ಕಾಣ್ತಿತ್ತು," ಎಂದರು ಅತ್ತೆ. "ನಾನೇ ಕತ್ತರಿ ಹಾಕಿ ಹಲ್ಲು ಮಾಡಿದೆ. ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ ಅಜ್ಜಿ," ಎಂದರು ಗುಮಾಸ್ತರು. ನಿಜಕ್ಕೂ ಚೆನ್ನಾಗಿತ್ತು.

"ಸರ್, ಹನ್ನೊಂದನೆಯದು ಇವಳೇ," ಎಂದು ಮೇಡಂ ಮೆಲ್ಲಗೆ ಹೇಳಿದರು. "ನನಗೆ ನೆನಪಿದೆ."

"ನೆನಪು ದಾಖಲೆಯಲ್ಲ," ಎಂದರು ಸಾಹೇಬರು. ಅವರಿಗೂ ಬೇಸರವಾದಂತಿತ್ತು. "ನಿಯಮ ಈಗ ತಾನೇ ಮಾಡಿದ್ದೀನಿ. ಒಂದು ಗಂಟೆಯೂ ಆಗಿಲ್ಲ."

ನಾನು ಡಬ್ಬಗಳನ್ನು ಹಿಂದಿನಂತೆ ಜೋಡಿಸಲು ಆರಂಭಿಸಿದೆ. ಬೇರೆ ಮಾಡಲು ಏನೂ ತೋಚಲಿಲ್ಲ. ಆಗ ಗುಮಾಸ್ತರು ಕೆಮ್ಮಿದರು.

"ಸರ್, ಸುತ್ತೋಲೆ ಪ್ರಕಾರ ನಮ್ಮ ಕಚೇರಿಗೆ ಒಂದು ರಿಕವರಿ ಡ್ರೈವ್ ಬೇಕು. ಇರೋದು ಏನನ್ನೂ ವಾಪಸ್ ತಂದಿಲ್ಲ. ಅಕ್ಕ ನಾಲ್ಕು ಸಾವಿರ ಬೆಂಚು ತಂದಿದ್ದಾರೆ."

"ಅಂದರೆ?"

"ನೌಕರರಾಗಿ ಖಾಯಂ ಮಾಡೋಕೆ ಪಟ್ಟಿ ಬೇಕು. ಉಪಕರಣವಾಗಿ ಸೇರಿಸೋಕೆ ನಿಮ್ಮ ಒಂದು ಸಹಿ ಸಾಕು. ಉಪಕರಣ ಯಾವತ್ತೂ ಖಾಯಂ ಸರ್."

ಸಾಹೇಬರು ಸಕ್ಕರೆ ಡಬ್ಬವನ್ನು ಕೆಳಗಿಟ್ಟು ಹಸಿರು ಪೆನ್ನು ತೆಗೆದರು.

ತಿಂಗಳ ಕೊನೆಯ ದಿನ ದಾಸ್ತಾನು ಪುಸ್ತಕದಲ್ಲಿ, ಗೋಡೆ ಗಡಿಯಾರ ಮತ್ತು ಕಬ್ಬಿಣದ ಬೀರುವಿನ ನಂತರ ನನ್ನನ್ನು ನಮೂದಿಸಲಾಯಿತು: 'ಕ್ರಮಾಂಕ ೨೧೨. ರಿಕವರಿ ಡ್ರೈವ್, ಜೀವಂತ, ಸಂಖ್ಯೆ ಒಂದು. ಸ್ಥಿತಿ: ಉತ್ತಮ.' ಕುರ್ಚಿಗಳಿಗೆ ಬರೆಯುವಂತೆ ಬಿಳಿ ಬಣ್ಣದಲ್ಲಿ ಈ ಸಂಖ್ಯೆಯನ್ನು ನನ್ನ ಚಪ್ಪಲಿಗಳ ಹಿಂಭಾಗದಲ್ಲಿ ಬರೆದಿದ್ದಾರೆ. ನಾನು ಗುಡಿಸುವುದನ್ನು 'ಉಪಕರಣದ ಹೆಚ್ಚುವರಿ ಸೌಲಭ್ಯ' ಎಂದು ಪರಿಗಣಿಸಲಾಗಿದೆ. ಸಂಬಳವು 'ನಿರ್ವಹಣಾ ವೆಚ್ಚ' ಎಂಬ ಹೆಸರಿನಲ್ಲಿ ಮೊದಲಿಗಿಂತ ಬೇಗ ಬರುತ್ತದೆ. ನನ್ನನ್ನು ತೇವದಲ್ಲಿ ಇಡಬಾರದೆಂದು ನಿಯಮವಿರುವುದರಿಂದ ನೆಲ ಒರೆಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಕುರ್ಚಿಯಿಂದ ಏಳುವ ಮೊದಲು ಕಂಪ್ಯೂಟರ್ ಗುಮಾಸ್ತರಿಗೆ ತಿಳಿಸಬೇಕು. ಪೆನ್‌ಡ್ರೈವ್ ಕೀಳುವ ಮೊದಲು ಕಂಪ್ಯೂಟರ್ ಹೇಳುವಂತೆ ಅವರು "ಈಗ ತೆಗೆಯಬಹುದು" ಎಂದ ಮೇಲೆ ಏಳುತ್ತೇನೆ.

ಕಚೇರಿಯ ಸ್ವತ್ತನ್ನು ಹೊರಗೆ ಒಯ್ಯಲು ಗೇಟ್ ಪಾಸ್ ಬೇಕು. ಆದ್ದರಿಂದ ಪ್ರತಿ ಸಂಜೆ ಯಜಮಾನರು ಬಂದು, 'ಉತ್ತಮ ಸ್ಥಿತಿಯಲ್ಲಿ ಪಡೆದಿದ್ದೇನೆ, ಬೆಳಿಗ್ಗೆ ಹತ್ತರೊಳಗೆ ಅದೇ ಸ್ಥಿತಿಯಲ್ಲಿ ಮರಳಿಸುತ್ತೇನೆ' ಎಂದು ಬರೆದು ಸಹಿ ಹಾಕುತ್ತಾರೆ. ಮದುವೆಯಾದಾಗಲೂ ಅವರು ಇಷ್ಟು ಸ್ಪಷ್ಟವಾಗಿ ಏನನ್ನೂ ಒಪ್ಪಿಕೊಂಡಿರಲಿಲ್ಲ. ಅತ್ತೆಯಂತೂ ಓಣಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಸೊಸೆಗೆ ನಂಬರ್ ಬಂತು," ಎಂದು ಹೇಳಿಕೊಂಡು ಬಂದರು.

ದಾಸ್ತಾನು ಪುಸ್ತಕದ ಕೊನೆಯ ಅಂಕಣವನ್ನು ನಾನು ಮೊನ್ನೆಯಷ್ಟೇ ಓದಿದೆ. 'ಬಾಳಿಕೆ: ಐದು ವರ್ಷ. ನಂತರ ಬಹಿರಂಗ ಹರಾಜು.' ಬೆಳಿಗ್ಗೆ ತಿಂಡಿಗೆ ಕುಳಿತಾಗ ಮನೆಯಲ್ಲಿ ಈ ವಿಷಯ ತಿಳಿಸಿದೆ.

ಯಜಮಾನರು ತಟ್ಟೆಯಿಂದ ತಲೆಯೆತ್ತಲಿಲ್ಲ. "ಹರಾಜಿಗೆ ನಾನೇ ಬರ್ತೀನಿ ಬಿಡು."

"ಮೊದಲೇ ಹೋಗಿ ಮುಂದೆ ಕೂತ್ಕೋ," ಎಂದರು ಅತ್ತೆ. "ಬೇರೆ ಯಾರಾದರೂ ಕೂಗಿಬಿಟ್ಟಾರು. ಕೆಲಸ ಚೆನ್ನಾಗಿ ಮಾಡ್ತಾಳೆ ಅಂತ ಎಲ್ಲರಿಗೂ ಗೊತ್ತು."

ಅತ್ತೆ ಈ ಮಾತನ್ನು ಹೇಳಿದ್ದು ಇದೇ ಮೊದಲು. ನಾನು ಎದ್ದು ಲೋಟ ತೊಳೆದಿಟ್ಟು, ಕೈಯ ತೇವವನ್ನು ನಿಯಮದಂತೆ ಪೂರ್ತಿ ಒರೆಸಿಕೊಂಡೆ. ಗಂಟೆ ಒಂಬತ್ತೂವರೆ ದಾಟಿತ್ತು. ಯಜಮಾನರು ನನ್ನ ಸಂಖ್ಯೆಯನ್ನು ಒಮ್ಮೆ ಸರಿನೋಡಿಕೊಂಡು, ನನ್ನನ್ನು ಮರಳಿಸಲು ಸೈಕಲ್ ತೆಗೆದರು.