ಎಮ್ಮೆ ಉಳಿಸಿದ ಯುವಕ ಮತ್ತು ನನ್ನ ಉಳಿದ ತಲೆಬರಹಗಳು

ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳಲ್ಲಿ ನನ್ನಷ್ಟು ದೊಡ್ಡ ಪತ್ರಕರ್ತ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ. ಇದು ಶುದ್ಧ ಸುಳ್ಳು. ನಾನು ಪೇಪರು ಹಂಚುವ ಏಜೆಂಟನಾಗಿದ್ದೆ. ಈಗ ಮುಚ್ಚಿಹೋಗಿರುವ ಒಂದು ವಾರಪತ್ರಿಕೆಯವರು ಪುಟ ತುಂಬದಿದ್ದಾಗ "ನಿಮ್ಮ ಕಡೆ ಏನರ ಆಗೇತೇನ್ರಿ?" ಎಂದು ಕೇಳುತ್ತಿದ್ದರು. ಆಗಿದ್ದರೂ ಬರೆದು, ಆಗದಿದ್ದರೂ ಬರೆದು, ಲಕೋಟೆಗೆ ಹಾಕಿ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದೆ.

ಸುದ್ದಿ ವಾರಕ್ಕೆ ಹಳತಾಗುತ್ತದೆ ಅನ್ನುತ್ತಾರೆ. ನನ್ನವು ಆಗಲಿಲ್ಲ. ಇಷ್ಟು ವರ್ಷದ ಮೇಲೂ ಯಾವುದಾದರೊಂದು ತಲೆಬರಹ ಎದ್ದು ಬಂದು ಬಾಗಿಲು ಬಡಿಯುತ್ತದೆ. ಹೋದ ವಾರ ಬಂದದ್ದಂತೂ ನನ್ನ ಮಗಳ ಲಗ್ನವನ್ನೇ ತಪ್ಪಿಸುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಚಹಾ ಹೇಳಿರಿ, ಮೊದಲು ಸಣ್ಣವು.

ಚಿರತಿ ಸ್ಟಾಪು

ಒಂದು ಮುಂಜಾನೆ ದುಂಡಸಿ ರಸ್ತೆಯಲ್ಲಿ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದೆ. ಮಂಜು ಇತ್ತು. ಬೇಲಿಯ ಮೇಲೆ ಹಳದಿ ಮೈ, ಕರೀ ಚುಕ್ಕೆ. ಸೈಕಲ್ ಅಲ್ಲೇ ಬಿಟ್ಟು ಓಡಿದೆ. ಆ ವಾರದ ತಲೆಬರಹ: "ದುಂಡಸಿ ರಸ್ತೆಯಲ್ಲಿ ಚಿರತೆ, ಕೂದಲೆಳೆಯಲ್ಲಿ ಪಾರಾದ ವರದಿಗಾರ."

ಮಧ್ಯಾಹ್ನ ಸೈಕಲ್ ತರಲು ಹೋದಾಗ ಚಿರತೆಯನ್ನು ಒಬ್ಬ ಅಜ್ಜಿ ಮಡಚಿಡುತ್ತಿದ್ದಳು. ಒಣಹಾಕಿದ ಕೌದಿ ಅದು, ಹಳೇ ಅರಿವೆ ಹೊಲಿದ ಹೊದಿಕೆ. ಮುಂದಿನ ವಾರ ತಿದ್ದುಪಡಿ ಹಾಕಿಸಿದೆ, ಯಾರೂ ಓದಲಿಲ್ಲ. ಜಾಗಕ್ಕೆ ಚಿರತಿ ಸ್ಟಾಪು ಎಂಬ ಹೆಸರು ಬಿತ್ತು, ಇವತ್ತಿಗೂ ಹೋಗಿಲ್ಲ.

ಮೊನ್ನೆ ಅದೇ ಅಜ್ಜಿ ಬಸ್ಸು ಹತ್ತಿ, "ಒಂದು ಚಿರತಿ ಕೊಡಪಾ" ಅಂದಳು. ಕಂಡಕ್ಟರ್ ಹೊಸಬ. ಫ್ರೀ ಟಿಕೆಟ್ ಹರಿದುಕೊಡುತ್ತ, "ಹುಷಾರ್ರಿ ಅಜ್ಜಿ, ಅಲ್ಲೆ ಖರೇನ ಚಿರತಿ ಐತಂತ" ಅಂದ.

"ಗೊತ್ತೈತಿ ತಮ್ಮಾ," ಅಂದಳು ಅಜ್ಜಿ, "ದಿನಾ ಅದನ್ನ ಹೊಚ್ಚಿಕೊಂಡ ಮಲಗತೇನಿ."

ಪೊಟ್ಟಣದ ಸುದ್ದಿ

ಮಾರಾಟವಾಗದ ಪೇಪರುಗಳನ್ನು ಸವಣೂರಿನಲ್ಲಿ ಖಾರಾ ಮಾರುವ ಚಾಚಾನಿಗೆ ರದ್ದಿಗೆ ಹಾಕುತ್ತಿದ್ದೆ. ಅದೇ ಓಣಿಯ ನಿವೃತ್ತ ಮಾಸ್ತರರೊಬ್ಬರು ದಿನಾ ಸಂಜೆ ಒಂದು ಪೊಟ್ಟಣ ಖಾರಾ ತೆಗೆದುಕೊಳ್ಳುವವರು. ಅವರಿಗೆ ಖಾರಾದಷ್ಟೇ ಪೊಟ್ಟಣದ ಕಾಗದವೂ ರುಚಿ. ಎಣ್ಣೆ ಹತ್ತಿದ ಅಕ್ಷರವನ್ನೂ ಬಿಡುವವರಲ್ಲ.

ಒಮ್ಮೆ ನಾನು, ಕೈ ಸುಮ್ಮನಿರದೆ, ಎಷ್ಟೋ ವರ್ಷ ಹಿಂದಿನ ಹಾಳೆಯೊಂದನ್ನು ಆರಿಸಿ ರದ್ದಿಯ ಮೇಲಿಟ್ಟೆ. "ನಾಳೆಯಿಂದ ಮೂರು ದಿನ ನೀರಿಲ್ಲ" ಎಂಬ ತಲೆಬರಹ ಎದ್ದು ಕಾಣುವಂತಿತ್ತು. ತಾರೀಖಿನ ಮೂಲೆ ಹರಿದದ್ದು ಹೇಗೆಂದು ಕೇಳಬೇಡಿ.

ಮಾಸ್ತರರು ಖಾರಾ ಅಲ್ಲೇ ಬಿಟ್ಟು ಓಣಿಗೆ ಓಡಿದರು. ಅರ್ಧ ತಾಸಿನಲ್ಲಿ ಪ್ರತಿ ಮನೆಯ ಕೊಡ, ಹಂಡೆ, ಬಕೆಟ್ಟು, ರೊಟ್ಟಿ ಹಿಟ್ಟಿನ ಬುಟ್ಟಿಯೊಂದನ್ನು ಬಿಟ್ಟು ಮಿಕ್ಕ ಪಾತ್ರೆಯೆಲ್ಲ ನಳದ ಕೆಳಗೆ ಬಂದವು. ರಾತ್ರಿಯೊಳಗೆ ಓಣಿಯ ಟಾಕಿ ಖಾಲಿ. ಮರುದಿನ ಮುಂಜಾನೆ ನಳ ತಿರುಗಿಸಿದರೆ ಬರೀ ಗಾಳಿ.

ನನಗೆ ಪಾಪ ಅನ್ನಿಸಿತು. ಹೋಗಿ ಒಪ್ಪಿಕೊಂಡೆ. "ಸರ್, ಅದು ಹಳೇ ಪೇಪರ್‍ರಿ. ತಪ್ಪು ನಂದು."

ಮಾಸ್ತರರು ಒಣಗಿದ ನಳ ತೋರಿಸಿದರು. "ಹಳೇದಾದ್ರೇನು, ಸುಳ್ಳೇನಾತು? ಈಗಿನ ಪೇಪರಿನಾಗ ಇಷ್ಟು ಖರೇ ಬರತೈತೇನು?"

ಅಂದಿನಿಂದ ಅವರು ಕಾಗದ ಓದಿ ನೋಡಿ ಪೊಟ್ಟಣ ಆರಿಸುತ್ತಾರೆ. ಸಾವಿನ ಸುದ್ದಿ ಇದ್ದರೆ ಚಾಚಾ ಬೇರೆ ಕಟ್ಟಿಕೊಡಬೇಕು.

ಎಡಗೈಯ ಶಾಸನ

ಹಾನಗಲ್ ತಾಲೂಕಿನ ಆಡೂರಿನಲ್ಲಿ ಹಳೇ ಶಾಸನಗಳಿವೆ, ನಿಜವಾದವು. ಹೀಗಾಗಿ ಅಲ್ಲಿ ಗೆರೆ ಇರುವ ಕಲ್ಲು ಕಂಡರೆ ಜನ ಚಪ್ಪಲಿ ಬಿಡುತ್ತಾರೆ. ನಾನು ಒಂದು ಹಿತ್ತಲಿನ ಅರಿವೆ ಒಗೆಯುವ ಕಲ್ಲು ನೋಡಿ, "ಹಿತ್ತಲಲ್ಲಿ ಪುರಾತನ ಶಾಸನ?" ಎಂದು ಬರೆದೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ, ದೇವರಾಣೆ. ಓದುವವರು ಅದನ್ನು ಬಿಟ್ಟು ಓದಿದರು.

ಕಲ್ಲಿಗೆ ಅರಿಸಿನ ಕುಂಕುಮ ಬಿತ್ತು. ಮನೆಯಾಕೆಗೆ ಅರಿವೆ ಒಗೆಯಲು ಜಾಗವಿಲ್ಲ. ನಾನು ಹೋದಾಗಲೆಲ್ಲ "ನನ್ನ ಕಲ್ಲು ನನಗ ಕೊಡಸ್ರಿ" ಎಂದು ಬೈಗುಳ. ಕೊನೆಗೆ ಶಾಸನ ಓದುವ ಪಂಡಿತರೊಬ್ಬರು ಬಂದರು. ನೀರು ಸುರಿದರು, ಕನ್ನಡಕ ಬದಲಿಸಿದರು, ಬೋರಲು ಮಲಗಿ ನೋಡಿದರು. ಊರು ಉಸಿರು ಹಿಡಿದು ನಿಂತಿತ್ತು.

"ಇಲ್ಲಿ ಕುಡಗೋಲು ಮಸದಾರ," ಅಂದರು ಪಂಡಿತರು. "ಮಸದವ ಎಡಚ."

ಮನೆಯಾಕೆ ಕೈ ಮುಗಿದಳು. "ಎಂಥಾ ವಿದ್ಯಾರಿ ನಿಮ್ಮದು. ನಮ್ಮ ಮಾವ ಎಡಚನ ಇದ್ದ."

ಕಲ್ಲಿನ ಪೂಜೆ ನಿಲ್ಲಲಿಲ್ಲ. ಈಗ ಅದು ಮಾವನ ಹೆಸರಿನಲ್ಲಿ ನಡೆದಿದೆ.

ಎಮ್ಮೆ ಉಳಿಸಿದ ಯುವಕ

ಇನ್ನು ನನ್ನ ಕೊರಳಿಗೆ ಬಿದ್ದದ್ದು. ನನ್ನ ಲಗ್ನಕ್ಕೆ ಮುಂಚೆ ಹಿರೇಕೆರೂರಿನ ಹತ್ತಿರ ಒಂದು ಹುಲ್ಲಿನ ಬಣವಿಗೆ ಬೆಂಕಿ ಬಿದ್ದಿದೆ ಎಂದು ಸುದ್ದಿ ಮಾಡಲು ಹೋಗಿದ್ದೆ. ಹತ್ತಿರದಿಂದ ನೋಡೋಣವೆಂದು ಬಣವಿಯ ಪಕ್ಕದ ದನದ ಕೊಟ್ಟಿಗೆಗೆ ಹೊಕ್ಕೆ. ಹೊಗೆ ತುಂಬಿತು, ಬಾಗಿಲು ಕಾಣಲಿಲ್ಲ. ತಡವರಿಸುತ್ತ ಕೈಗೆ ಸಿಕ್ಕ ಹಗ್ಗ ಹಿಡಿದೆ. ಹಗ್ಗದ ಆ ತುದಿಗೆ ಎಮ್ಮೆ ಇತ್ತು. ಅದು ಗೂಟ ಕಿತ್ತುಕೊಂಡು ಹೊರಬಿತ್ತು, ಹಿಂದೆ ನಾನು. ಹೊಗೆಯಿಂದ ಎಮ್ಮೆ ಸಮೇತ ಬಂದವನನ್ನು ಊರವರು ನೋಡಿದರು. ಸುದ್ದಿ ನಾನೇ ಬರೆದೆ: "ಪ್ರಾಣದ ಹಂಗು ತೊರೆದು ಎಮ್ಮೆ ಉಳಿಸಿದ ಯುವಕ."

ಎಮ್ಮೆಯ ಮಾಲೀಕರು ಮಗಳನ್ನು ಕೊಟ್ಟರು. ಪೇಪರಿನ ತುಂಡಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಅಂದಿನಿಂದ ಆ ಊರಿನಲ್ಲಿ ಹಾವು ಹೊಕ್ಕರೆ, ಗೂಳಿ ಬೆದರಿದರೆ, "ಅಳಿಯಂದಿರನ್ನ ಕರೀರಿ" ಎಂಬ ಕೂಗು. ನಾನು ಹೋಗಿ ದೂರದಿಂದ ಸಲಹೆ ಕೊಡುತ್ತೇನೆ.

ಹೋದ ವಾರ ನನ್ನ ಮಗಳನ್ನು ನೋಡಲು ಬೀಗರಾಗುವವರು ಮಾವನ ಮನೆಗೇ ಬಂದರು. ಹುಡುಗ ಚಲೋ ಇದ್ದ, ಮಗಳಿಗೂ ಮನಸ್ಸಿತ್ತು. ಅವಲಕ್ಕಿ ಮುಗಿಯುತ್ತಲೇ ಹುಡುಗನ ಅಪ್ಪ ಎದ್ದು ಗೋಡೆಯ ಗಾಜಿನ ಮುಂದೆ ನಿಂತರು. ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

"ಅವತ್ತ ನಾನೂ ಅಲ್ಲೆ ಇದ್ದೆ. ಮಾಳಗಿ ಮ್ಯಾಲೆ ನಿಂತು ನೀರು ಸುರವಾಕತ್ತಿದ್ದೆ," ಅಂದರು. "ಎಮ್ಮಿ ಮುಂದಿತ್ತು. ಇವರು ಹಿಂದ ಇದ್ರು. ಅದೂ ಬೋರಲ ಬಿದ್ದು."

ಸುಳ್ಳುಗಾರನ ಮನೆಯ ಹೆಣ್ಣನ್ನು ಯಾರು ಒಯ್ದಾರು? ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಯ ಹಲ್ಲಿಯನ್ನು ನೋಡುತ್ತಿದ್ದೆ.

ಮಾವ ಎಲೆಗೆ ಸುಣ್ಣ ಹಚ್ಚುತ್ತ ಅಂದರು, "ನನಗ ಅವತ್ತ ಗೊತ್ತಿತ್ತು."

"ಗೊತ್ತಿದ್ದೂ ಮಗಳನ್ನ ಕೊಟ್ರ್ಯಾ?" ಅಂದರು ಹುಡುಗನ ಅಪ್ಪ.

"ಕೊಟ್ಟೆ. ಕಲ್ಲಾಗ ಮುಳ್ಳಾಗ ಅಷ್ಟು ಎಳದಾಡಿದ್ರೂ ಇವ ಹಗ್ಗ ಬಿಡಲಿಲ್ಲ. ಸಂಸಾರಕ್ಕ ಅಂಥವ ಬೇಕು."

ಹುಡುಗನ ಅಪ್ಪ ತಲೆದೂಗಿದರು. ನನ್ನ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷ ಹೊತ್ತ ಸುಳ್ಳು ಇಷ್ಟು ಹಗುರಾಗಿ ಇಳಿಯುತ್ತದೆ ಅಂದುಕೊಂಡಿರಲಿಲ್ಲ. ಅಷ್ಟರಲ್ಲಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಅಂದಳು:

"ಅಪ್ಪಾ, ಹಗ್ಗ ಇವರ ಕೈಗೆ ಸುತ್ತಿಕೊಂಡಿತ್ತು. ಬಿಡಬೇಕಂದ್ರೂ ಬಿಡಾಕ ಬರ್ತಿರಲಿಲ್ಲ. 'ಬಿಚ್ಚವಾ ತಾಯಿ' ಅಂತ ಅಳಾಕತ್ತಿದ್ರು. ಬಿಚ್ಚಿದಾಕಿ ನಾನ."

ಮೊದಲು ನಕ್ಕವಳು ಮಗಳು. ಆಮೇಲೆ ಹುಡುಗ. ಅವನ ಅಪ್ಪನಂತೂ ಎಮ್ಮೆಯ ಹಾಗೆ ಉಸಿರು ಬಿಡುತ್ತ ನಕ್ಕು, ಅದೇ ನಗುವಿನಲ್ಲೇ ಸಕ್ಕರೆ ತರಿಸಿ ಎಲ್ಲರ ಬಾಯಿಗೆ ಹಾಕಿಸಿದರು. ಲಗ್ನ ಗಟ್ಟಿಯಾಯಿತು. ಗಾಜು ಗೋಡೆಯಲ್ಲೇ ಇದೆ, ಕೆಳಗೆ ಮಗಳು ಒಂದು ಚೀಟಿ ಅಂಟಿಸಿದ್ದಾಳೆ: "ತಿದ್ದುಪಡಿ: ಯುವಕನನ್ನು ಉಳಿಸಿದ ಎಮ್ಮೆ."

ಹಾಂ, ಚಹಾ ಮುಗಿಯಿತು. ದುಡ್ಡು ನೀವೇ ಕೊಡಿರಿ. ಕೊಡಬಾರದೆಂದಲ್ಲ, ಆ ಹಗ್ಗ ಸುತ್ತಿದಂದಿನಿಂದ ನನ್ನ ಬಲಗೈ ಕಿಸೆಯೊಳಗೆ ಹೋಗುವುದಿಲ್ಲ.