ಎಡಗಡೆ ಸ್ಟೇರಿಂಗು, ಬಲಗಡೆ ಮದುವೆ ಗಂಡು

ನನ್ನ ಅಣ್ಣನ ಮಗಳ ಮದುವೆಯಲ್ಲಿ, ಗಂಡನ್ನು ಶಿರಾದಿಂದ ಮಧುಗಿರಿಯ ಛತ್ರಕ್ಕೆ ಕರೆತರುವ ಹೊಣೆಯನ್ನು ನಾನು ಕೇಳಿ ಪಡೆದುಕೊಂಡೆ. ಯಾರೂ ಕೊಟ್ಟಿರಲಿಲ್ಲ. ನನ್ನ ಧೈರ್ಯಕ್ಕೆ ಕಾರಣ, ಶಿರಾದ ಗೆಳೆಯ ಅನ್ಸರ್ ಭಾಯ್ ಬಳಿ ಇದ್ದ ಹಳೆಯ ಅಮೆರಿಕನ್ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ಯಾವುದೋ ಗೋದಾಮಿನಲ್ಲಿ ಕೋಳಿಗಳು ವಾಸವಾಗಿದ್ದ ಆ ಗಾಡಿಯನ್ನು ಅವರು ತಂದು, ವರ್ಷಗಟ್ಟಲೆ ಅದರ ಜೊತೆ ಸಂಸಾರ ಮಾಡಿ, ಹೊಸದರಂತೆ ಮಾಡಿದ್ದರು. ಹಳೆಯ ಕಾರು ಕೂಡಿಡುವ ಶೋಕಿಯವರು ದೂರದಿಂದ ಬಂದು, ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

"ಮೇಷ್ಟ್ರೇ, ಸ್ಟೇರಿಂಗು ಎಡಗಡೆ ಐತೆ. ಗಾಡಿ ನೆಲಕ್ಕೆ ಭಾಳ ಹತ್ರ. ನಾನೇ ಓಡುಸ್ತೀನಿ ಬುಡಿ" ಎಂದರು ಅನ್ಸರ್ ಭಾಯ್.

"ನಾನು ಗಣಿತದ ಮೇಷ್ಟ್ರು ಭಾಯ್. ಎಡಗಡೆ ಇರೋದನ್ನ ಬಲಗಡೆಗೆ ಹಾಕೋದು ನಮಗೆ ದಿನಾ ಇದ್ದದ್ದೇ!" ಎಂದೆ.

ನನ್ನ ಹೆಂಡತಿ ಸಾವಿತ್ರಿ ಮಾತ್ರ ನಗಲಿಲ್ಲ. "ಲೆಕ್ಕ ತಪ್ಪಿದ್ರೆ ಅಳ್ಸಿ ಬರೀಬೋದು. ಮದ್ವೆ ಗಂಡಿಗೆ ಏನಾರ ಆದ್ರೆ?"

ಆರತಕ್ಷತೆಯ ದಿನ ಮಧ್ಯಾಹ್ನ ಗಂಡು ಮಂಜುನಾಥ ತಾವರೆಕೆರೆಯಿಂದ ಶಿರಾಕ್ಕೆ ಬಂದ. ತಲೆಗೆ ಪೇಟ, ಕೊರಳಲ್ಲಿ ಹಾರ, ಕೈಯಲ್ಲಿ ತೆಂಗಿನಕಾಯಿ. ಅವನ ಮನೆಯವರೂ ಅನ್ಸರ್ ಭಾಯ್ ಕೂಡ ವ್ಯಾನಿನಲ್ಲಿ ಹಿಂದೆ ಬರುವುದೆಂದಾಯಿತು. ಎಲ್ಲರೂ ನೋಡುತ್ತಿರುವಾಗ ನಾನು ಗಂಭೀರವಾಗಿ ಬಾಗಿಲು ತೆಗೆದು ಒಳಗೆ ಕೂತೆ. ಮುಂದೆ ಸ್ಟೇರಿಂಗೇ ಇರಲಿಲ್ಲ!

"ಮಾವ, ಅದು ನನ್ ಸೀಟು" ಎಂದ ಮಂಜುನಾಥ, ಮೆಲ್ಲಗೆ.

ಎಂಜಿನ್ ಗುಡುಗಿತು. ನನ್ನ ವಯಸ್ಸು ಸರ್ರನೆ ಇಳಿಯಿತು. ಆದರೆ ಎದುರಿನಿಂದ ಬರುವವರಿಗೆ ಕಾಣುತ್ತಿದ್ದುದು ಬಲಗಡೆ ಕೂತ ಗಂಡು. ಅವನೋ ಸಂಸ್ಕಾರವಂತ, ಕಂಡಕಂಡವರಿಗೆಲ್ಲ ಕೈ ಮುಗಿಯುತ್ತಿದ್ದ.

"ಸ್ಟೇರಿಂಗ್ ಬುಟ್ಟು ಕೈ ಮುಗೀತಾವ್ನೆ ಕಣ್ಲಾ!" ಎಂದು ಕಿರುಚಿದ ಬೈಕಿನವನೊಬ್ಬ ನೇರ ಜೋಳದ ಹೊಲಕ್ಕೆ ಇಳಿದ.

ಮುಂದೆ ಪೊಲೀಸಪ್ಪ ಕೈ ಅಡ್ಡ ಹಿಡಿದ. ನನ್ನ ಕಡೆ ತಿರುಗಿಯೂ ನೋಡದೆ ಮಂಜುನಾಥನ ಬಳಿ ಹೋಗಿ, "ಲೈಸೆನ್ಸು?" ಎಂದ.

"ಸಾರ್, ನಾನು ಮದ್ವೆ ಗಂಡು!"

"ಮದ್ವೆ ಗಂಡಾದ್ರೆ ಲೈಸೆನ್ಸ್ ಬ್ಯಾಡ್ವಾ?"

ಅವನಿಗೆ ಸ್ಟೇರಿಂಗ್ ತೋರಿಸಿ, ಅಮೆರಿಕದ ಸಂಚಾರ ಪದ್ಧತಿ ಬೋಧಿಸಿ ಹೊರಡುವಷ್ಟರಲ್ಲಿ ನಮ್ಮ ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಬಂದು ಸೇರಿತ್ತು. ಎಡಗಡೆ ಕೂತ ನನಗೆ ಎದುರು ಬರುವ ಗಾಡಿ ಕಾಣದು. ಗಂಡೇ ಬಗ್ಗಿ ನೋಡಿ ಹೇಳಬೇಕು.

"ಹೋಗ್ಲೇನೋ?"

"ಬ್ಯಾಡಿ ಮಾವ, ದೂರ್ದಲ್ಲಿ ಏನೋ ಚುಕ್ಕಿ ಕಾಣ್ತೈತೆ."

ಆ ಚುಕ್ಕಿ ಸಾವಕಾಶವಾಗಿ ಬೆಳೆದು ಸೈಕಲ್ಲಾಯಿತು. ಅಷ್ಟರಲ್ಲಿ ಛಾವಣಿಯಿಲ್ಲದ ಕಾರಿಗೆ ಹುಲ್ಲು ಸುರಿದು, ನಾವಿಬ್ಬರೂ ಬೆದರುಬೊಂಬೆಗಳಾಗಿದ್ದೆವು!

ಬಡವನಹಳ್ಳಿ ದಾಟಿದ ಮೇಲೆ ಟ್ರ್ಯಾಕ್ಟರು ಟೀ ಅಂಗಡಿ ಮುಂದೆ ನಿಂತಿತು. ರಸ್ತೆ ಖಾಲಿ. ಈಗ ನೋಡು ಅಮೆರಿಕದ ತಾಕತ್ತು ಎಂದು ಆಕ್ಸಿಲರೇಟರ್ ಒತ್ತಿದೆ.

"ಮಾವಾ, ಹಂಪ್ಸು!"

ಮುಂದಿನ ಚಕ್ರಗಳು ದಾಟಿದವು. ಹಿಂದಿನವು ದಾಟಲಿಲ್ಲ. ಕಾರು ಹಂಪಿನ ಮೇಲೆ ಹೊಟ್ಟೆಯೂರಿ ಕೂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಆಗಲೇ ಅಣ್ಣನ ಫೋನು.

"ಎಲ್ಲಿದೀಯೋ? ವಾಲಗದೋರು ಬಾಗ್ಲಲ್ಲಿ ಊದಿ ಊದಿ ಸುಸ್ತಾದ್ರು!"

"ದಾರಿ ಮೇಲೇ ಇದೀವಿ ಅಣ್ಣ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಟೀ ಕುಡಿದು ಬಂದ ಟ್ರ್ಯಾಕ್ಟರಿನವನು ನಮ್ಮನ್ನು ಸುತ್ತು ಹಾಕಿ ನೋಡಿದ. "ಏನ್ ಸಾಮಿ, ಗಾಡಿ ಕಾವಿಗೆ ಕೂತಂಗೈತೆ!"

ನಾನು ಕಾರಿನಿಂದ ಇಳಿಯುವುದರೊಳಗೆ ಮಂಜುನಾಥ ಪಂಚೆ ಎತ್ತಿ ಕಟ್ಟಿ ಟ್ರ್ಯಾಕ್ಟರಿನ ಹುಲ್ಲಿನ ಮೇಲೆ ಹತ್ತಿದ್ದ. "ಬೇಜಾರ್ ಮಾಡ್ಕಬ್ಯಾಡಿ ಮಾವ. ಹುಡ್ಗಿ ಕಾಯ್ತಾವ್ಳೆ!" ಟ್ರ್ಯಾಕ್ಟರು ಹೊರಟೇಹೋಯಿತು.

ಹಿಂದುಳಿದಿದ್ದ ವ್ಯಾನು ಆಮೇಲೆ ಬಂತು. ಅನ್ಸರ್ ಭಾಯ್ ಇಳಿದವರೇ ರಸ್ತೆಯ ಮೇಲೆ ಮಲಗಿ ಕಾರಿನ ಕೆಳಗೆ ಇಣುಕಿದರು. ಊರಿನವರೆಲ್ಲ ಸೇರಿ ಎತ್ತಿ ಇಳಿಸಿದ ಮೇಲೆ ಮತ್ತೊಮ್ಮೆ ಸವರಿ ನೋಡಿದರು.

"ಗಾಡಿಗೆ ಏನೂ ಆಗಿಲ್ಲ. ಅಲ್ಲಾ ದೊಡ್ಡೋನು" ಎಂದು ನನ್ನತ್ತ ಕೈ ಚಾಚಿದರು. ಕೈ ಕುಲುಕಲು ಹೋದೆ.

"ಚಾವಿ, ಮೇಷ್ಟ್ರೇ."

ನಾನು ವ್ಯಾನಿನ ಹಿಂಬದಿಯಲ್ಲಿ, ಗಂಡಿನ ಮನೆಯವರ ಪಾತ್ರೆಗಳ ಜೊತೆ ಛತ್ರ ಸೇರಿದೆ. ಅಲ್ಲಿ ಜನ ಮೊಬೈಲ್ ಹಿಡಿದು ಕುಣಿಯುತ್ತಿದ್ದರು. "ಗಂಡು ಹುಲ್ಲಿನ ಟ್ರ್ಯಾಕ್ಟರ್ ಮೇಲೆ ಬಂದ! ಮದ್ವೆ ಅಂದ್ರೆ ಇಂಗಿರ್ಬೇಕು!" ಅನ್ಸರ್ ಭಾಯ್ ಕಾರಿನ ಸುತ್ತ ಸೆಲ್ಫಿಗೆ ನೂಕುನುಗ್ಗಲು. ಹೆಣ್ಣಿನ ಚಿಕ್ಕಪ್ಪನಾದ ನಾನು ತಲೆಯ ಹುಲ್ಲು ಕೊಡವುತ್ತಾ ಬಾಗಿಲಿಗೆ ಹೋದರೆ, ಮೊದಲೇ ಛತ್ರಕ್ಕೆ ಬಂದಿದ್ದ ಗಂಡಿನ ಕಡೆಯ ಹಿರಿಯರೊಬ್ಬರು ಅಡ್ಡ ಬಂದರು.

"ಡ್ರೈವರ್‌ಗಳಿಗೆ ಊಟ ಹಿಂದ್ಗಡೆ ಹಾಕವ್ರೆ, ಹೋಗಪ್ಪ."

ಸಾವಿತ್ರಿ ಕಂಬದ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಹಿಂದುಗಡೆಗೆ ನಡೆದೆ. ಆ ದಿನ ನನ್ನನ್ನು ಡ್ರೈವರ್ ಎಂದು ಒಪ್ಪಿಕೊಂಡವರು ಅವರೊಬ್ಬರೇ!